ಹಳೆಯ ಕಾರಿನ ಹಲ್ಲು ನೋಡಿದ ಪ್ರಸಂಗ

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನಿಗೆ ಸ್ಪೋರ್ಟ್ಸ್ ಕಾರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಪ್ರಶ್ನೆಯನ್ನು ನನ್ನ ಸಹೋದ್ಯೋಗಿ ಮಿತ್ರರು ಕೇಳಿದ್ದಾರೆ. ಶ್ರೀಮತಿಯವರು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದಾರೆ. ವ್ಯಾಕರಣ ಬಲ್ಲವನಿಗೆ ವೇಗದ ಮೋಹ ಇರಕೂಡದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ ಎಂಬುದಷ್ಟೇ ನನ್ನ ಸಮಾಧಾನ.

ನಾನು ಕೊಡಂಬಲದವನು, ಉದ್ಯೋಗ ಹುಮನಾಬಾದಿನಲ್ಲಿ. ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರು ಅದು. ಬೀದರದಿಂದ ಕಲಬುರಗಿಗೆ ಇಳಿಯುವ ೫೦ನೆಯ ಹೆದ್ದಾರಿ ಒಂದು. ಪುಣೆಯಿಂದ ಹೊರಟು ಸೊಲ್ಲಾಪುರ, ಹೈದರಾಬಾದುಗಳನ್ನು ಹಾದು ಮಚಲೀಪಟ್ಟಣದ ಕಡಲನ್ನು ಮುಟ್ಟುವ ೬೫ನೆಯ ಹೆದ್ದಾರಿ ಇನ್ನೊಂದು. ಬಾಲ್ಯದಲ್ಲಿ ತಂದೆಯ ಚಕ್ಕಡಿಯಲ್ಲಿ ಹುಮನಾಬಾದಿನ ಜಾತ್ರೆಗೆ ಬರುವಾಗ, ಈ ಹೆದ್ದಾರಿಯ ಅಂಚಿನಲ್ಲಿ ಎತ್ತುಗಳನ್ನು ತಡೆದು ನಿಲ್ಲಿಸಿ ಕಾರುಗಳಿಗೆ ದಾರಿ ಬಿಡಬೇಕಾಗುತ್ತಿತ್ತು. ಒಮ್ಮೆ ಕೆಂಪು ಬಣ್ಣದ, ನೆಲಕ್ಕೆ ಅಂಟಿದಂತಿದ್ದ ಕಾರೊಂದು ಜೇನ್ನೊಣದ ಗುಂಪಿನಂತೆ ಗುಂಯ್ಗುಡುತ್ತ ಕಣ್ಣೆದುರೇ ಹಾದು ಮರೆಯಾಯಿತು. ಅದು ಯಾವ ಕಾರು, ಯಾರದು, ಎಲ್ಲಿಗೆ ಹೋಯಿತು, ಒಂದೂ ತಿಳಿಯದು. ಆ ದನಿ ಮಾತ್ರ ಕಿವಿಯಲ್ಲಿ ಉಳಿಯಿತು.

ಮೂವತ್ತಾರನೆಯ ವಯಸ್ಸಿಗೆ ನನ್ನ ಕೈಯಲ್ಲಿ ಆರು ಲಕ್ಷ ರೂಪಾಯಿ ಕೂಡಿತು. ಎಂಟು ವರ್ಷಗಳ ಉಳಿತಾಯ. ಇಷ್ಟು ಹಣಕ್ಕೆ ಹೊಸ ಸ್ಪೋರ್ಟ್ಸ್ ಕಾರಿನ ಮಾತೇ ಬೇಡ. ಆದರೆ ಯಾರೋ ಓಡಿಸಿ ಬಿಟ್ಟದ್ದು ಸಿಕ್ಕೀತು. ಶ್ರೀಮತಿಯವರು ಎರಡು ಷರತ್ತುಗಳನ್ನು ಹಾಕಿದರು.

“ನಿಮ್ಮ ಆಸೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಐವತ್ತು ಸಾವಿರ ಬ್ಯಾಂಕಿನಲ್ಲೇ ಇರಬೇಕು. ಅತ್ತೆಯವರು ಯಾರ ಕೈಯನ್ನೂ ಹಿಡಿಯದೆ ಆ ಕಾರಿನಲ್ಲಿ ಹತ್ತಿ ಕೂರುವಂತಿರಬೇಕು.”

ನನ್ನ ತಾಯಿಯವರಿಗೆ ಮೊಣಕಾಲು ನೋವು. ಕಣ್ಣಿನ ಚಿಕಿತ್ಸೆಗೆಂದು ಎರಡು ತಿಂಗಳಿಗೊಮ್ಮೆ ಅವರನ್ನು ಹೈದರಾಬಾದಿಗೆ ಕರೆದೊಯ್ಯಬೇಕು. ಷರತ್ತು ನ್ಯಾಯವಾದದ್ದೇ ಆಗಿತ್ತು.

ಸ್ಪೋರ್ಟ್ಸ್ ಕಾರೆಂದರೆ ಯಾವುದು?

ಸ್ಪೋರ್ಟ್ಸ್ ಕಾರಿಗೆ ಇಂಗ್ಲೆಂಡಿನವರು ಒಂದು ಕಾಲಕ್ಕೆ ಕೊಟ್ಟ ಲಕ್ಷಣ ಸರಳವಾಗಿತ್ತು: ಎರಡೇ ಆಸನ, ಮಡಿಸುವ ಮಾಡು, ಹಗುರವಾದ ಮೈ. ನಮ್ಮ ದೇಶದಲ್ಲಿ ಈ ಲಕ್ಷಣಕ್ಕೆ ಒಪ್ಪುವ ಗಾಡಿಗಳು ಬೆರಳೆಣಿಕೆಯಷ್ಟು. ೧೯೯೮ರಲ್ಲಿ ಹೊರಬಂದ ‘ಸ್ಯಾನ್ ಸ್ಟಾರ್ಮ್’ ಅಂಥದೊಂದು: ಇಬ್ಬರಿಗಷ್ಟೇ ಸ್ಥಳ, ಫೈಬರಿನ ಮೈ, ಫ್ರಾನ್ಸಿನ ರೆನೋ ಕಂಪೆನಿಯ ಚಿಕ್ಕ ಎಂಜಿನು. ಅದಕ್ಕೂ ಮೊದಲು, ಎಂಬತ್ತರ ದಶಕದಲ್ಲಿ, ನಮ್ಮ ಬೆಂಗಳೂರಿನ ಸಿಪಾನಿ ಕಾರ್ಖಾನೆ ಇಂಗ್ಲೆಂಡಿನ ರಿಲಯೆಂಟ್ ಕಿಟನ್ ಕಾರಿನ ಮಾದರಿಯಲ್ಲಿ ‘ಡಾಲ್ಫಿನ್’ ಎಂಬ ಪುಟ್ಟ ಗಾಡಿಯನ್ನು ತಯಾರಿಸಿತು. ಅದು ಸ್ಪೋರ್ಟ್ಸ್ ಕಾರೆಂದು ಹುಟ್ಟಿದ್ದಲ್ಲ. ಆದರೂ ಹಗುರವಾದ ಫೈಬರ್ ಮೈಯಿಂದಾಗಿ ಪಂದ್ಯಗಳ ಹುಡುಗರಿಗೆ ಅಚ್ಚುಮೆಚ್ಚಾಯಿತು.

ಎರಡು ಆಸನದ ಗಾಡಿಯಲ್ಲಿ ನಾನೂ ತಾಯಿಯವರೂ ಕುಳಿತರೆ ಶ್ರೀಮತಿಯವರು ಎಲ್ಲಿ ಕೂರಬೇಕು? ಆದ್ದರಿಂದ ಆ ವರ್ಗವನ್ನು ಕೈಬಿಟ್ಟು, ಮನೆಮಂದಿಯ ಚಿಕ್ಕ ಕಾರಿಗೆ ಬಲವಾದ ಎಂಜಿನು ಕೂರಿಸಿದ ವರ್ಗಕ್ಕೆ ಬಂದೆ. ನೋಡಲು ಗೃಹಸ್ಥ, ಓಡಿದರೆ ಜಟ್ಟಿ. ಯುರೋಪಿನಲ್ಲಿ ಎಪ್ಪತ್ತರ ದಶಕದಿಂದ ಬೆಳೆದುಬಂದ ಈ ಸಂಪ್ರದಾಯದ ಎರಡು ಗಾಡಿಗಳು ನನ್ನ ಆರು ಲಕ್ಷದ ಅಳತೆಯೊಳಗೆ ಉಳಿದವು: ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಟಿ.ಎಸ್.ಐ. ಮತ್ತು ಫಿಯಟ್ ಅಬಾರ್ತ್ ಪುಂಟೋ. ಮೊದಲನೆಯದು ತಯಾರಾದದ್ದು ಚಾಕಣದಲ್ಲಿ, ಎರಡನೆಯದು ರಾಂಜಣಗಾಂವದಲ್ಲಿ. ಎರಡೂ ಪುಣೆಯ ಆಸುಪಾಸಿನ ಊರುಗಳೇ. ನಮ್ಮ ೬೫ನೆಯ ಹೆದ್ದಾರಿ ಹುಟ್ಟುವ ಕಡೆಯೇ ಈ ಎರಡು ಗಾಡಿಗಳೂ ಹುಟ್ಟಿದವೆಂದು ತಿಳಿದಾಗ, ಇದರಲ್ಲಿ ಏನೋ ಋಣಾನುಬಂಧವಿದೆ ಎಂದು ನನ್ನ ದುರ್ಬಲ ಮನಸ್ಸು ಲೆಕ್ಕ ಹಾಕಿತು.

ಎರಡು ಕುದುರೆಗಳ ಜಾತಕ

ಪೋಲೋ ಜಿ.ಟಿ. ೨೦೧೩ರಲ್ಲಿ ಮಾರುಕಟ್ಟೆಗೆ ಬಂತು. ಎಂಜಿನಿನ ಗಾತ್ರ ೧೧೯೭ ಸಿ.ಸಿ.; ಬಲ ೧೦೫ ಅಶ್ವಶಕ್ತಿ. ಅದರ ಹೆಗ್ಗಳಿಕೆ ಏಳು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಎರಡು ಕ್ಲಚ್ಚುಗಳಿವೆ. ಒಂದು ಕ್ಲಚ್ಚು ಮೂರನೆಯ ಗೇರಿನಲ್ಲಿ ಎಳೆಯುತ್ತಿರುವಾಗಲೇ ಇನ್ನೊಂದು ನಾಲ್ಕನೆಯದನ್ನು ಸಜ್ಜುಮಾಡಿಕೊಂಡಿರುತ್ತದೆ. ಬದಲಾವಣೆ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುತ್ತದೆ. ನಿಂತಲ್ಲಿಂದ ನೂರು ಕಿಲೋಮೀಟರಿನ ವೇಗಕ್ಕೆ ೯.೭ ಸೆಕೆಂಡು ಸಾಕೆಂದು ತಯಾರಕರು ಹೇಳಿದ್ದರು. ೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಗೋಡೆಗೆ ಗುದ್ದಿಸಿ ನಡೆಸಿದ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಪೋಲೋ ನಾಲ್ಕು ತಾರೆಗಳನ್ನು ಪಡೆಯಿತು. ೨೦೨೨ರಲ್ಲಿ ಪೋಲೋದ ತಯಾರಿಕೆ ನಮ್ಮಲ್ಲಿ ನಿಂತಿತಾದರೂ ಕಂಪೆನಿ ಇಲ್ಲಿಯೇ ವ್ಯಾಪಾರ ನಡೆಸುತ್ತಿದೆ; ಬಿಡಿಭಾಗಗಳ ಚಿಂತೆ ಕಡಿಮೆ. ತೊಡಕೆಂದರೆ ಆ ಗೇರುಪೆಟ್ಟಿಗೆಯೇ. ಅದು ಕೆಟ್ಟರೆ ಹುಮನಾಬಾದಿನ ಮೇಸ್ತ್ರಿ ಕೈಹಾಕುವಂತಿಲ್ಲ. ಅದರ ವಿದ್ಯುತ್ ಮತ್ತು ಎಣ್ಣೆಯೊತ್ತಡದ ನಿಯಂತ್ರಣ ಭಾಗವನ್ನು ಬದಲಿಸುವ ವೆಚ್ಚ ಲಕ್ಷ ರೂಪಾಯಿಗಳ ಮಾತು.

ಅಬಾರ್ತ್ ಪುಂಟೋ ಬಂದದ್ದು ೨೦೧೫ರ ಅಕ್ಟೋಬರಿನಲ್ಲಿ. ೧೯೦೮ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಕಾರ್ಲೋ ಅಬಾರ್ತ್ ಎಂಬಾತ ೧೯೪೯ರಲ್ಲಿ ಇಟಲಿಯಲ್ಲಿ ತನ್ನ ಹೆಸರಿನ ಸಂಸ್ಥೆ ಕಟ್ಟಿ, ಫಿಯಟ್ಟಿನ ಚಿಕ್ಕ ಕಾರುಗಳಿಗೆ ಬಲ ತುಂಬುವ ಕಾಯಕ ಹಿಡಿದ. ಆತನದು ವೃಶ್ಚಿಕ ರಾಶಿ. ಆದ್ದರಿಂದ ಗಾಡಿಯ ಮೂತಿಯ ಮೇಲೆ ಚೇಳಿನ ಗುರುತು! ೧೯೭೧ರಲ್ಲಿ ಫಿಯಟ್ಟಿನವರು ಆ ಸಂಸ್ಥೆಯನ್ನೇ ಕೊಂಡರು. ನಮ್ಮ ಪುಂಟೋವಿನಲ್ಲಿ ೧೩೬೮ ಸಿ.ಸಿ. ಎಂಜಿನು, ೧೪೫ ಅಶ್ವಶಕ್ತಿ, ಕೈಯಿಂದ ಬದಲಿಸುವ ಐದು ಗೇರು, ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕು. ನೂರರ ವೇಗಕ್ಕೆ ೮.೮ ಸೆಕೆಂಡು. ತೊಡಕುಗಳು ಇಲ್ಲಿಯೂ ಇವೆ. ನೆಲದಿಂದ ತಳಕ್ಕೆ ಇರುವ ಅಂತರ ೧೫೫ ಮಿಲಿಮೀಟರು ಮಾತ್ರ. ನಮ್ಮ ಹಳ್ಳಿಗಳ ಉಬ್ಬುಗಳಿಗೆ ಇದು ಸಾಲದು. ೨೦೧೯ರ ಹೊತ್ತಿಗೆ ಫಿಯಟ್ಟಿನವರು ಈ ದೇಶದಲ್ಲಿ ತಮ್ಮ ಹೆಸರಿನ ಕಾರುಗಳನ್ನೇ ನಿಲ್ಲಿಸಿದರು. ಕೆಲವು ಬಿಡಿಭಾಗಗಳಿಗೆ ಕಾಯಬೇಕು. ಆದರೆ ಇದರ ಎಂಜಿನು ಹಿಂದೆ ಲೀನಿಯಾ ಕಾರಿನಲ್ಲಿ ಕಡಿಮೆ ಬಲದಲ್ಲಿ ದುಡಿದದ್ದೇ. ಗೇರುಪೆಟ್ಟಿಗೆ ಊರಿನ ಮೇಸ್ತ್ರಿಗೂ ಅರ್ಥವಾಗುವಂಥದು.

ಎರಡರ ಗುಟ್ಟೂ ಟರ್ಬೋ. ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಕೆಂಡ ಹೆಚ್ಚು ಉರಿಯಬೇಕಾದರೆ ತಿದಿ ಒತ್ತಬೇಕು. ಗಾಳಿ ಹೆಚ್ಚಾದಷ್ಟೂ ಉರಿ ಹೆಚ್ಚು. ಎಂಜಿನಿಗೆ ಒತ್ತಿ ಗಾಳಿ ತುಂಬಿದರೆ ಹೆಚ್ಚು ಪೆಟ್ರೋಲು ಉರಿದು ಹೆಚ್ಚು ಬಲ ಹುಟ್ಟುತ್ತದೆ. ಸೋಜಿಗವೆಂದರೆ, ಇಲ್ಲಿ ತಿದಿ ಒತ್ತುವವನು ಹೊಗೆಯೇ! ಹೊರಹೋಗುವ ಹೊಗೆ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಇಂಥ ಚಕ್ರಕ್ಕೆ ಶುದ್ಧವಾದ ಎಣ್ಣೆಯೇ ಪ್ರಾಣ. ಹಿಂದಿನ ಯಜಮಾನ ಎಣ್ಣೆ ಬದಲಿಸಲು ಸೋಮಾರಿಯಾಗಿದ್ದರೆ, ಆ ಪಾಪದ ಫಲವನ್ನು ಉಣ್ಣುವವನು ಮುಂದಿನ ಯಜಮಾನ.

ಜಾತಕ ನೋಡಿ ಮನಸ್ಸು ಇತ್ಯರ್ಥವಾಗಲಿಲ್ಲ. ಸೋಮವಾರ ಪೋಲೋ, ಮಂಗಳವಾರ ಅಬಾರ್ತ್. ಕಡೆಗೆ ಶ್ರೀಮತಿಯವರೇ, “ಕೊಡಂಬಲಕ್ಕೆ ಹೋಗಿ ಕಾಕಾ ಅವರನ್ನು ಕರೆದುಕೊಂಡು ಹೋಗಿರಿ,” ಎಂದರು.

ಹಲ್ಲು ನೋಡುವ ಶಾಸ್ತ್ರ

ನನ್ನ ಕಾಕಾ ಕಾರು ಓಡಿಸಿದವರಲ್ಲ. ನಲವತ್ತು ವರ್ಷ ಜಾತ್ರೆಗಳಲ್ಲಿ ದೇವಣಿ ಎತ್ತುಗಳನ್ನು ಕೊಂಡು ಮಾರಿದವರು. ನಮ್ಮ ಗಡಿಯಾಚೆ ಲಾತೂರು ಜಿಲ್ಲೆಯ ದೇವಣಿಯ ಹೆಸರು ಹೊತ್ತ ಈ ತಳಿ, ಬಿಳಿಯ ಮೈಯ ಮೇಲೆ ಕರಿಯ ಮಚ್ಚೆಗಳ ಈ ಚೆಲುವ, ಬೀದರ ಸೀಮೆಯ ಒಕ್ಕಲಿಗನ ಹೆಮ್ಮೆ. ಒಳ್ಳೆಯ ಜೋಡಿಯನ್ನು ಆರಿಸುವಲ್ಲಿ ಕಾಕಾ ಅವರದು ಸುತ್ತ ಹತ್ತು ಹಳ್ಳಿಗೆ ಹೆಸರಾದ ಕಣ್ಣು.

ನನ್ನ ಸಂಕಟವನ್ನು ಕೇಳಿ ಅವರು ನಕ್ಕರು.

“ಅಲ್ಲೋ ತಮ್ಮಾ, ಮುದಿ ಎತ್ತು ಕೊಳ್ಳೋರು ಕೊಂಬು ನೋಡಬಾರದು. ಹಲ್ಲು ನೋಡಬೇಕು, ಗೊರಸು ನೋಡಬೇಕು, ಆಮ್ಯಾಲ ಮಾರೋನ ಮಾರಿ ನೋಡಬೇಕು. ನಿನ್ನ ಮೋಟಾರಿಗಿ ಹಲ್ಲು ಎಲ್ಲಿ ಅವ, ಅದು ಮೊದಲ ಹೇಳು.”

ಎತ್ತಿಗೆ ಮುಂಬಲ್ಲು ಕೆಳದವಡೆಯಲ್ಲಷ್ಟೇ, ಒಟ್ಟು ಎಂಟು. ಹಾಲುಹಲ್ಲು ಜೋಡಿಜೋಡಿಯಾಗಿ ಬಿದ್ದು ದೊಡ್ಡ ಹಲ್ಲು ಬರುತ್ತವೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ ಎತ್ತು. ಅಲ್ಲಿಂದ ಮುಂದೆ ವಯಸ್ಸನ್ನು ಹೇಳುವುದು ಹಲ್ಲಿನ ಸವೆತ. ಮಾರುವವನು ಏನೇ ಹೇಳಲಿ, ಹಲ್ಲು ಸುಳ್ಳು ಹೇಳುವುದಿಲ್ಲ.

ಕಾರಿಗೆ ಹಲ್ಲು ಎಲ್ಲಿ ಎಂದು ಆಲೋಚಿಸುತ್ತ ಬಲ್ಲವರನ್ನು ವಿಚಾರಿಸಿದೆ. ಒಂದು ಪಟ್ಟಿಯೇ ಆಯಿತು. ಮೀಟರಿನ ಅಂಕಿಯನ್ನು ತಿದ್ದಬಹುದು, ಆದರೆ ಬ್ರೇಕಿನ ಪೆಡಲಿನ ರಬ್ಬರು, ಸ್ಟಿಯರಿಂಗಿನ ಹೊದಿಕೆ, ಚಾಲಕನ ಸೀಟಿನ ಅಂಚು ಎಷ್ಟು ಸವೆದಿವೆಯೆಂಬುದನ್ನು ತಿದ್ದುವುದು ಕಷ್ಟ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ೩೫೨೧ ಎಂದಿದ್ದರೆ ಅದು ೨೦೨೧ರ ಮೂವತ್ತೈದನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಬಾಗಿಲಿನ ರಬ್ಬರನ್ನು ಎತ್ತಿ ನೋಡಿದರೆ ಮೂಲ ಬೆಸುಗೆಯ ಗುರುತುಗಳು ಕಾಣಬೇಕು. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕೆತ್ತಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆಂದು ತಿಳಿಯಬೇಕು. ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು. ೨೦೨೦ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಬಂದಂಥ ನೆರೆಯಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಬೆಲ್ಟಿನ ಒಳಸುತ್ತಿನಲ್ಲಿ ಕೆಸರಿನ ಗೆರೆ ಉಳಿದಿರಬಹುದು.

ಇನ್ನೊಂದು ಮುಖ್ಯ ಮಾತು: ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ರೋಗವಿರುವ ಎಂಜಿನು ಬೆಚ್ಚಗಾದ ಮೇಲೆ ಸದ್ದಡಗಿ ಸಂಭಾವಿತನಾಗುತ್ತದೆ. ಟರ್ಬೋ ಗಾಡಿಯಾದರೆ, ಕೆಲವು ನಿಮಿಷ ನಿಂತಲ್ಲೇ ಓಡಿಸಿ ಒಮ್ಮೆ ಆಕ್ಸಿಲರೇಟರ್ ಒತ್ತಬೇಕು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ಅರ್ಥ. ನಮಸ್ಕಾರ ಹೇಳಿ ಹೊರಡುವುದು ಲೇಸು.

“ಇದೆಲ್ಲಾ ಬರೋಬರಿ,” ಎಂದರು ಕಾಕಾ. “ಆದರ ಮಾರೋನ ಮಾರಿ ನೋಡಾಕ ನಾ ಬರ್ತೀನಿ.”

ಮೊದಲನೆಯ ಗಾಡಿ

ಒಂದು ಭಾನುವಾರ ನಸುಕಿನಲ್ಲಿ ಹೊರಟು, ಜಹೀರಾಬಾದಿನ ಟ್ರಾಕ್ಟರ್ ಕಾರ್ಖಾನೆಯನ್ನು ಹಾದು, ಬಸ್ಸಿನಲ್ಲಿ ಹೈದರಾಬಾದಿಗೆ ಬಂದೆವು. ಹಳೆಯ ಕಾರುಗಳ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಕೆಂಪು ಪೋಲೋ ನಿಂತಿತ್ತು, ೨೦೧೫ರದು. ತೊಳೆದು, ಮೆರುಗು ಹಚ್ಚಿ, ಮದುಮಗನಂತೆ ಸಿಂಗರಿಸಿದ್ದರು. ಬೆಲೆ ನಾಲ್ಕು ಲಕ್ಷ ಅರವತ್ತು ಸಾವಿರ. ಮೀಟರಿನಲ್ಲಿ ನಲವತ್ತೊಂದು ಸಾವಿರ ಕಿಲೋಮೀಟರು.

ನಾನು ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ತಣ್ಣಗೇ ಇರಲೆಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಂಡಿದ್ದೆ.

ಆದರೂ ಓಡಿಸಿದೆ. ವಾಚಕರಲ್ಲಿ ಸುಳ್ಳು ಹೇಳಲಾರೆ. ಹೊರವರ್ತುಲ ರಸ್ತೆಯ ಬದಿಯ ಖಾಲಿ ದಾರಿಯಲ್ಲಿ ಆ ಗಾಡಿ ಗೇರಿನಿಂದ ಗೇರಿಗೆ ಬೆಣ್ಣೆಯಂತೆ ಜಾರಿದಾಗ, ಚಕ್ಕಡಿಯಲ್ಲಿ ಕುಳಿತಿದ್ದ ಆ ಹುಡುಗ ನನ್ನೊಳಗೆ ಎದ್ದು ನಿಂತ. ಮರಳಿ ಬರುವಾಗಲೇ ನಾನು ಮನಸ್ಸಿನಲ್ಲಿ ಹಣ ಎಣಿಸುತ್ತಿದ್ದೆ. ವ್ಯಾಪಾರಿಯವರು ಅದನ್ನು ನನ್ನ ಮುಖದಲ್ಲಿ ಓದಿದರೆಂದು ತೋರುತ್ತದೆ. “ಇವತ್ತೇ ಮುಂಗಡ ಕೊಟ್ಟರೆ ಇಪ್ಪತ್ತು ಸಾವಿರ ಬಿಡುತ್ತೇನೆ. ಸಂಜೆ ಇನ್ನೊಬ್ಬರು ಬರುವವರಿದ್ದಾರೆ,” ಎಂದರು.

ಕಾಕಾ ಅಷ್ಟರಲ್ಲಿ ಟೈರಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. “ತಮ್ಮಾ, ಈ ಅಂಕಿ ಓದು.”

ನಾಲ್ಕು ಟೈರುಗಳೂ ೨೦೧೯ರಲ್ಲಿ ತಯಾರಾದವು. ನಾಲ್ಕೂ ಸವೆದು ಬೋಳಾಗಿದ್ದವು. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಒಂದು ಜೊತೆ ಟೈರು ಸುಮಾರು ನಲವತ್ತು ಸಾವಿರ ಕಿಲೋಮೀಟರು ಬಾಳುತ್ತದೆ. ಗಾಡಿಯೊಡನೆ ಬಂದ ಮೊದಲ ಜೊತೆ ಸವೆದು, ಎರಡನೆಯ ಜೊತೆಯೂ ಸವೆಯುವಷ್ಟು ಓಡಿದ ಗಾಡಿಯ ಮೀಟರು ನಲವತ್ತೊಂದು ಸಾವಿರದಲ್ಲಿ ಹೇಗೆ ನಿಂತಿತು? ಬ್ರೇಕಿನ ಪೆಡಲು ನೋಡಿದೆ. ರಬ್ಬರಿನ ಗೆರೆಗಳು ಅಳಿಸಿಹೋಗಿದ್ದವು. ಸರ್ವೀಸಿನ ದಾಖಲೆ ಕೇಳಿದಾಗ, “ಅದೆಲ್ಲ ಈಗ ಸಿಗುವುದಿಲ್ಲ ಸಾರ್, ಗಾಡಿ ನೋಡಿ,” ಎಂಬ ಉತ್ತರ ಬಂತು.

ಕಾಕಾ ತಮ್ಮ ದಖನಿಯಲ್ಲಿ, ಇದು ಮೊದಲು ಯಾರ ಹತ್ತಿರ ಇತ್ತೆಂದು ವಿಚಾರಿಸಿದರು. ಒಬ್ಬ ಲೇಡಿ ಡಾಕ್ಟರದು, ಮನೆಯಿಂದ ಆಸ್ಪತ್ರೆಗೆ ಮಾತ್ರ ಓಡಿದ್ದು ಎಂದರು ವ್ಯಾಪಾರಿಯವರು. ಹೊರಗೆ ಬಂದ ಮೇಲೆ ಕಾಕಾ ಟವೆಲ್ಲು ಕೊಡವಿ ನಕ್ಕರು.

“ಜಾತ್ರ್ಯಾಗ ಬಂದ ಎತ್ತು ಎಲ್ಲಾ ಪಾಟೀಲರ ಮನೀವೇ ಇರ್ತಾವ. ಒಕ್ಕಲಿಗನ ಹೊಲದಾಗ ದುಡದ ಎತ್ತು ಒಂದೂ ಇರಂಗಿಲ್ಲ.”

ಪೋಲೋ ಕೆಟ್ಟ ಗಾಡಿಯೆಂದು ವಾಚಕರು ತಿಳಿಯಬಾರದು. ಗಾಡಿಯ ಗುಣ ಬೇರೆ, ಅದು ನಮ್ಮ ಮುಂದೆ ಬಂದು ನಿಂತ ಬಗೆ ಬೇರೆ. ಅದೇ ಮಾದರಿಯ ಗಾಡಿ, ದಾಖಲೆ ಸಮೇತ, ಇನ್ನೊಬ್ಬರ ಮನೆಯಂಗಳದಲ್ಲಿ ಸಿಕ್ಕಿದ್ದರೆ ಈ ಲೇಖನದ ಮುಕ್ತಾಯ ಬೇರೆಯಾಗುತ್ತಿತ್ತೋ ಏನೋ.

ಎರಡನೆಯ ಗಾಡಿ

ಬಿಳಿಯ ಅಬಾರ್ತ್ ಕೂಕಟ್‌ಪಲ್ಲಿಯ ಒಂದು ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿತ್ತು, ೨೦೧೬ರದು. ಬಾನೆಟ್ಟು ತಣ್ಣಗಿತ್ತು. ಯಜಮಾನ ಮೂವತ್ತು ದಾಟದ ಇಂಜಿನಿಯರು. ನಾವು ಕೇಳುವ ಮೊದಲೇ ದಪ್ಪನೆಯ ಫೈಲೊಂದನ್ನು ಬಾನೆಟ್ಟಿನ ಮೇಲೆ ಬಿಚ್ಚಿಟ್ಟರು. ಎಣ್ಣೆ ಬದಲಿಸಿದ ಪ್ರತಿಯೊಂದು ಬಿಲ್ಲು, ತಾರೀಖಿನ ಅನುಕ್ರಮದಲ್ಲಿ. ಅರವತ್ತು ಸಾವಿರ ಕಿಲೋಮೀಟರಿನಲ್ಲಿ ಟೈಮಿಂಗ್ ಬೆಲ್ಟು ಬದಲಿಸಿದ ಬಿಲ್ಲು. ಈ ಎಂಜಿನಿನಲ್ಲಿ ಆ ಬೆಲ್ಟು ಹರಿದರೆ ಒಳಗಿನ ವಾಲ್ವುಗಳಿಗೇ ಪೆಟ್ಟು ಬೀಳುವ ಭಯವಿದೆ. ಆದ್ದರಿಂದ ಆ ಒಂದು ಕಾಗದಕ್ಕೆ ಗಾಡಿಯ ಅರ್ಧ ಬೆಲೆ ಎನ್ನಬೇಕು. ಬೆಲೆ ಐದು ಲಕ್ಷ ಇಪ್ಪತ್ತೈದು ಸಾವಿರ.

ಕಾಕಾ ನೇರವಾಗಿ ಕೇಳಿದರು: “ಕಾಯ್ಕು ಬೇಚ್‌ರೇ ಬಾಬಾ?” ಏಕೆ ಮಾರುತ್ತಿದ್ದೀಯೆ?

ಆ ಯುವಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆಯಲ್ಲಿ ಹೆಂಡತಿ ಬಸುರಿ. ಈ ಗಾಡಿಯ ಬಿಗಿಯಾದ ಸ್ಪ್ರಿಂಗುಗಳಲ್ಲಿ ಆಕೆಯನ್ನು ಕೂರಿಸಿಕೊಂಡು ಹೋಗಲು ಧೈರ್ಯ ಸಾಲದು. ಹಾಗೆಂದವರು ಬೆಲೆಯ ಮಾತು ಬರುವ ಮೊದಲೇ ಮುಂದುವರಿಸಿದರು: ಮುಂದಿನ ಬಂಪರು ಒಮ್ಮೆ ಗೋಡೆಗೆ ತಾಗಿ ಬಣ್ಣ ಕಂಡಿದೆ. ಕ್ಲಚ್ಚು ಭಾರವಾಗುತ್ತ ಬಂದಿದೆ. ಇನ್ನು ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದೀತು. ತಳದ ರಕ್ಷಾಫಲಕದಲ್ಲಿ ಗೀರುಗಳಿವೆ, ಬಗ್ಗಿ ನೋಡಿರಿ. ಬಿಡಿಭಾಗಕ್ಕೆ ಒಮ್ಮೊಮ್ಮೆ ಕಾಯಬೇಕು. ಅದಕ್ಕೆ ತಾಳ್ಮೆಯಿಲ್ಲವಾದರೆ ದಯವಿಟ್ಟು ಕೊಳ್ಳಬೇಡಿರಿ.

ನಾನು ಕಾಕಾ ಅವರ ಮುಖ ನೋಡಿದೆ. ಅವರು ಗಾಡಿಯನ್ನು ನೋಡುತ್ತಿರಲಿಲ್ಲ. ಕೆಲವು ಗಳಿಗೆಯ ಬಳಿಕ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು. ಆ ಮಾತನ್ನು ಅವರು ನನಗೆ ಹದಿನೈದು ವರ್ಷ ಹೇಳಿರಲಿಲ್ಲ.

ನಾನು ಕಲಬುರಗಿಯಲ್ಲಿ ಎಂ.ಎ. ಓದಲು ಹೊರಟಾಗ ತಂದೆಯವರು ತಮ್ಮ ದೇವಣಿ ಜೋಡಿಯನ್ನು ಮಾರಿದ್ದರು. ಅಷ್ಟು ನನಗೆ ಗೊತ್ತಿತ್ತು. ಪದವಿಯ ಪ್ರಮಾಣಪತ್ರವನ್ನು ಕಂಡಾಗಲೆಲ್ಲ ಆ ಎತ್ತುಗಳ ನೆನಪಾಗುತ್ತದೆ. ಗೊತ್ತಿಲ್ಲದಿದ್ದದ್ದು ಇದು.

“ನಿಮ್ಮಪ್ಪ ಜಾತ್ರ್ಯಾಗ ಆ ಜೋಡಿ ನಿಲ್ಲಿಸಿದ್ದ. ಒಳ್ಳೆ ಗಿರಾಕಿ ಬಂದಿತ್ತು. ಬೆಲಿ ಕುದುರೋ ಹೊತ್ತಿನಾಗ ನಿಮ್ಮಪ್ಪ ಏನಂದ ಗೊತ್ತದೇನು? ಎಡಗಡಿ ಎತ್ತು ಹರಿಯೋ ನೀರಿಗಿ ಬೆದರ್ತದ, ಹಳ್ಳ ದಾಟೋಮುಂದ ಹಗ್ಗ ಹಿಡದು ನಡೀರಿ ಅಂದ. ಗಿರಾಕಿ ಎರಡು ಸಾವಿರ ಕಡಿಮಿ ಮಾಡಿದ. ನಾ ಬೈದೆ. ಅದಕ್ಕ ನಿಮ್ಮಪ್ಪ ಅಂದ, ನಾಳೆ ಹಳ್ಳದಾಗ ಅವನ ಹೆಂಡ್ತಿ ಮಕ್ಕಳು ಬಂಡ್ಯಾಗ ಇರ್ತಾರಲ್ಲೋ.”

ಸ್ವಲ್ಪ ತಡೆದು ಕಾಕಾ ಹೇಳಿದರು: “ದೋಷ ಹೇಳಿ ಮಾರೋನ ಹತ್ರ ಕಣ್ಣು ಮುಚ್ಚಿ ತಗೋ. ದೋಷ ಇಲ್ಲದ ಮುದಿ ಎತ್ತು ಎಲ್ಲೀನೂ ಇಲ್ಲ.”

ನಾನು ಗಾಡಿಯನ್ನು ಓಡಿಸಿದೆ. ಕ್ಲಚ್ಚು ಭಾರವೇ ಇತ್ತು. ಎರಡನೆಯ ಗೇರಿನಲ್ಲಿ ಟರ್ಬೋ ಉಸಿರೆಳೆದಾಗ ಬೆನ್ನು ಸೀಟಿಗೆ ಒತ್ತಿಕೊಂಡಿತು. ಬಾಲ್ಯದಲ್ಲಿ ಕೇಳಿದ ಆ ಗುಂಯ್ಗುಟ್ಟುವ ದನಿ ಇದೇ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸಿಗೆ ತುಸುವೂ ಅಡ್ಡಿಯಾಗಲಿಲ್ಲ. ಮರಳಿ ಬಂದಾಗ ಕಾಕಾ ತಮ್ಮ ಟವೆಲ್ಲನ್ನು ಯುವಕರ ಕೈಯ ಮೇಲೆ ಹಾಸಿ, ಅದರ ಅಡಿಯಲ್ಲಿ ಬೆರಳು ಹಿಡಿದರು. ಜಾತ್ರೆಯಲ್ಲಿ ಬೆಲೆ ಕುದುರುವುದು ಹೀಗೆಯೇ; ಸುತ್ತಲಿದ್ದವರಿಗೆ ತಿಳಿಯುವುದಿಲ್ಲ. ಆ ಯುವಕರಿಗೆ ಬೆರಳಿನ ಭಾಷೆ ಬಾರದು. ಕಾಕಾ ಬಾಯಿಬಿಟ್ಟು ಹೇಳಲೇಬೇಕಾಯಿತು. ಇಬ್ಬರೂ ನಕ್ಕರು. ಕ್ಲಚ್ಚಿನ ವೆಚ್ಚವನ್ನು ಕಳೆದು ನಾಲ್ಕು ಲಕ್ಷ ತೊಂಬತ್ತು ಸಾವಿರಕ್ಕೆ ಮಾತು ನಿಂತಿತು.

ಕಾಗದಪತ್ರದ ಹೊಳೆ

ಹೊರರಾಜ್ಯದ ಗಾಡಿ ಕೊಳ್ಳುವವರು ಬೆಲೆ ಕೊಟ್ಟೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮಾರಾಟಗಾರನ ಊರಿನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬರಬೇಕು; ಅದಕ್ಕೆ ೨೮ನೆಯ ನಮೂನೆ. ಮಾಲೀಕತ್ವದ ವರ್ಗಾವಣೆಗೆ ೨೯ ಮತ್ತು ೩೦ನೆಯ ನಮೂನೆಗಳು. ಗಾಡಿಯ ಮೇಲೆ ಸಾಲವಿದ್ದುದಾದರೆ ಅದು ತೀರಿದ ಬಗ್ಗೆ ಬ್ಯಾಂಕಿನವರ ಸಹಿಯೊಡನೆ ೩೫ನೆಯ ನಮೂನೆ. ಗಾಡಿಯ ಮೇಲೆ ದಂಡ ಬಾಕಿಯಿದೆಯೇ, ಸಾಲ ದಾಖಲಾಗಿದೆಯೇ ಎಂಬುದನ್ನು ಸರಕಾರದ ‘ವಾಹನ್’ ಜಾಲತಾಣದಲ್ಲಿ ಮೊದಲೇ ನೋಡಬಹುದು. ವಿಮೆಯನ್ನೂ ಹೊಸ ಯಜಮಾನನ ಹೆಸರಿಗೆ ಬೇಗನೆ ಬದಲಿಸಿಕೊಳ್ಳಬೇಕು.

ಮೋಟಾರು ವಾಹನ ಕಾಯಿದೆಯ ಪ್ರಕಾರ ಹನ್ನೆರಡು ತಿಂಗಳಿಗೂ ಮೀರಿ ಬೇರೆ ರಾಜ್ಯದಲ್ಲಿ ಇರಿಸುವ ಗಾಡಿಗೆ ಆ ರಾಜ್ಯದ ಹೊಸ ಸಂಖ್ಯೆ ಪಡೆಯಬೇಕು. ಇಲ್ಲಿಯ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟಬೇಕು. ಅಲ್ಲಿ ಕಟ್ಟಿದ್ದರ ಉಳಿದ ಭಾಗವನ್ನು ಅರ್ಜಿ ಹಾಕಿ ಮರಳಿ ಕೇಳಬಹುದು. ಬೆಲೆ ಕುದುರಿಸುವ ಮೊದಲೇ ಈ ಮೊತ್ತವನ್ನು ವಿಚಾರಿಸಿ ಚೀಟಿಯಲ್ಲಿ ಬರೆದುಕೊಳ್ಳುವುದು ಜಾಣತನ. ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸೆಂಬುದನ್ನೂ ಮರೆಯಬಾರದು. ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಎಲ್ಲ ಮುಗಿದು ಬೀದರದ ಕೆ.ಎ. ೩೮ ಸಂಖ್ಯೆಯ ಫಲಕ ಗಾಡಿಗೆ ಏರುವ ಹೊತ್ತಿಗೆ ನನ್ನ ಬಳಿ ಉಳಿದದ್ದು ಐವತ್ತೆರಡು ಸಾವಿರ. ಶ್ರೀಮತಿಯವರ ಮೊದಲನೆಯ 
ಷರತ್ತು ಕೂದಲೆಳೆಯಲ್ಲಿ ಉಳಿಯಿತು.

ಎರಡನೆಯ ಷರತ್ತು

ಮೊದಲ ಪ್ರಯಾಣ ಕೊಡಂಬಲಕ್ಕೆ. ಹುಮನಾಬಾದಿನಿಂದ ನಮ್ಮೂರ ಮನೆಯ ಬಾಗಿಲಿನವರೆಗೆ ಎಷ್ಟು ಉಬ್ಬುಗಳಿವೆಯೆಂದು ಈವರೆಗೆ ನಾನು ಎಣಿಸಿರಲಿಲ್ಲ; ಅಂದು ಎಣಿಸಿದೆ. ಹನ್ನೊಂದು. ಮೂರರಲ್ಲಿ ತಳ ಉಜ್ಜಿತು. ಪ್ರತಿ ಸಲವೂ ನನ್ನ ಮೈಯೇ ಉಜ್ಜಿದಂತಾಯಿತು. ನೇರವಾಗಿ ಏರದೆ ಓರೆಯಾಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಿದರೆ ಗಾಡಿ ಪಾರಾಗುತ್ತದೆಂದು ಕಾಕಾ ಅವರೇ ಕಲಿಸಿದರು. ತುಂಬಿದ ಚಕ್ಕಡಿಯನ್ನು ದಿಣ್ಣೆ ದಾಟಿಸುವ ಕ್ರಮವೂ ಅದೇ ಅಂತೆ. ಕಬ್ಬಿನ ಟ್ರಾಕ್ಟರೊಂದು ಹಿಂದಿನಿಂದ ಹಾರ್ನು ಮಾಡಿ ನನ್ನನ್ನು ಹಿಂದಿಕ್ಕಿ ಹೋಯಿತು. ೧೪೫ ಅಶ್ವಶಕ್ತಿಯ ಯಜಮಾನನಾಗಿ ಆ ಅವಮಾನವನ್ನು ನಗುತ್ತ ನುಂಗಿದೆ.

ತಾಯಿಯವರು ಗಾಡಿಯನ್ನು ಒಂದು ಸುತ್ತು ಹಾಕಿದರು, ಚೇಳಿನ ಚಿತ್ರ ಕಂಡು, “ಇದೇನೋ, ಚೇಳು ಯಾಕ ಅದ?” ಎಂದು ಕೇಳಿದರು. ನಾನು ಉಸಿರು ಬಿಗಿಹಿಡಿದು ಬಾಗಿಲು ತೆರೆದೆ. ಅವರು ಮೊದಲು ಸೀಟಿನ ಮೇಲೆ ಅಡ್ಡಲಾಗಿ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ಎಳೆದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ. ಎತ್ತರದ ಜೀಪುಗಳಿಗೆ ಹತ್ತುವುದಕ್ಕಿಂತ ಇದು ಸಲೀಸು ಎಂದು ಅವರೇ ಹೇಳಿದರು! ತಗ್ಗಿನ ಗಾಡಿಯೇ ನೋಯುವ ಮೊಣಕಾಲಿಗೆ ಹಿತವಾದೀತೆಂದು ನಾನಾಗಲಿ ಶ್ರೀಮತಿಯವರಾಗಲಿ ಊಹಿಸಿರಲಿಲ್ಲ.

ಮಾಣಿಕನಗರಕ್ಕೆ ಹೋಗಿ ಕೈಮುಗಿದು ಬರುವಾಗ, ಹೆದ್ದಾರಿಯಲ್ಲಿ ಒಂದೇ ಒಂದು ಸಲ ಆಕ್ಸಿಲರೇಟರನ್ನು ತುಸು ಒತ್ತಿದೆ. ತಾಯಿಯವರು ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು. ಬೈಯುವರೆಂದು ಕಾಲು ಎತ್ತಿದೆ.

“ನಿಮ್ಮಪ್ಪ ಇದ್ದಿದ್ದರ,” ಎಂದರು ಅವರು, “ಮುಂದ ಕೂಡ್ತಿದ್ದ.”

ಇಬ್ಬರೂ ಆಮೇಲೆ ಮಾತಾಡಲಿಲ್ಲ.

ಹಳೆಯ ಗಾಡಿಗಳೆರಡರ ನಡುವೆ ತೊಳಲಾಡುವ ಓದುಗರಿಗೆ ನಾನು ಹೇಳಬಹುದಾದದ್ದು ಇಷ್ಟೆ. ಅಶ್ವಶಕ್ತಿ, ಸೆಕೆಂಡು, ಗೇರುಗಳ ಲೆಕ್ಕವನ್ನು ಮನೆಯಲ್ಲಿಯೇ ಮುಗಿಸಿಕೊಳ್ಳಿರಿ. ಗಾಡಿಯ ಮುಂದೆ ನಿಂತಾಗ ಅದರ ಹಿಂದಿನ ಬಾಳನ್ನು ಕೇಳಿರಿ, ಕಾಗದ ನೋಡಿರಿ, ಸವೆತ ನೋಡಿರಿ; ದೋಷವನ್ನು ತಾನಾಗಿ ಹೇಳುವ ಮಾರಾಟಗಾರನಿಗೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ಅದು ನಷ್ಟವಲ್ಲ.

ನಾನೂ ಈ ಗಾಡಿಯನ್ನು ಎಂದಾದರೊಂದು ದಿನ ಮಾರಲೇಬೇಕು. ಆ ಯುವಕರು ಕೊಟ್ಟ ಫೈಲಿನ ಕೊನೆಯಲ್ಲಿ ಒಂದು ಖಾಲಿ ಹಾಳೆ ಸೇರಿಸಿದ್ದೇನೆ. ಅದರ ಮೇಲೆ ಮೊದಲ ದಿನದ ತಾರೀಖು ಹಾಕಿ ಬರೆದಿದ್ದೇನೆ: ‘ಕೊಡಂಬಲದ ದಾರಿಯ ಮೂರು ಉಬ್ಬುಗಳಲ್ಲಿ ತಳ ಉಜ್ಜಿದೆ.’